ಕೂದಲು ನಾನಲ್ಲ, ಆದರೂ ಮುಟ್ಟಬೇಡಿ

2016ರ ಸೆಪ್ಟೆಂಬರ್ 15ರಂದು ಅಮೆರಿಕದ ಅಟ್ಲಾಂಟಾದಲ್ಲಿರುವ ಫೆಡರಲ್ ಮೇಲ್ಮನವಿ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಕೆಲಸ ಬೇಕಾದರೆ ಲಾಕ್ಸ್ (ಸಣ್ಣ ಸಣ್ಣ ಜಟೆಗಳಂತೆ ಹುರಿಗೊಂಡ ಕೂದಲು) ತೆಗೆಸಿಕೊಂಡು ಬಾ ಅಂತ ಕಂಪನಿಯೊಂದು ಕಪ್ಪು ಹೆಣ್ಣುಮಗಳಿಗೆ ಹೇಳಿದರೆ ಅದು ಜನಾಂಗ ತಾರತಮ್ಯ ಆಗೋದಿಲ್ಲ ಅನ್ನುವುದು ಅದರ ಸಾರ. ಎರಡು ವಾರ ಕಳೆದು, ಸೆಪ್ಟೆಂಬರ್ 30ಕ್ಕೆ, ಗಾಯಕಿ ಸೊಲಾಂಜ್ ನೋಲ್ಸ್ ಅವರ ‘ಎ ಸೀಟ್ ಅಟ್ ದ ಟೇಬಲ್’ ಆಲ್ಬಮ್ ಬಿಡುಗಡೆಯಾಯಿತು. ಅದರಲ್ಲಿ ‘ಡೋಂಟ್ ಟಚ್ ಮೈ ಹೇರ್’ ಅಂತ ಒಂದು ಹಾಡು. ಕೂದಲು ನಾನು ತೊಟ್ಟಿರುವ ಭಾವನೆ, ಅದು ನನ್ನ ಕಿರೀಟ, ಮುಟ್ಟಬೇಡಿ ಅಂತ ಮೆಲ್ಲನೆಯ ದನಿಯಲ್ಲಿ ಹೇಳುವ ಹಾಡು. ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು.

ತೀರ್ಪಿಗೂ ಹಾಡಿಗೂ ನೇರ ಸಂಬಂಧ ಏನೂ ಇರಲಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ‘ನಿನ್ನನ್ನು ನೀನು ಒಪ್ಪಿಕೋ’ ಅನ್ನುವ ಮಾತು ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಂತುಬಿಡುತ್ತದೆ ಅನ್ನೋದು ಚೆನ್ನಾಗಿ ಕಾಣುತ್ತದೆ.

ಮೊದಲು ಆ ಮೊಕದ್ದಮೆಯ ಕತೆ. 2010ರಲ್ಲಿ, ಅಲಬಾಮಾ ರಾಜ್ಯದ ಮೊಬೈಲ್ ಅನ್ನುವ ಊರು. ವಿಮೆಯ ಕ್ಲೇಮ್‌ಗಳನ್ನು ನೋಡಿಕೊಳ್ಳುವ ಕಂಪನಿ. ಫೋನ್‌ನಲ್ಲಿ ಗ್ರಾಹಕರ ಜೊತೆ ಮಾತಾಡುವ ಕೆಲಸ. ಗ್ರಾಹಕರು ಮುಖ ನೋಡುವ ಪ್ರಶ್ನೆಯೇ ಇಲ್ಲ. ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ದುಡಿದವರಿಗೆ ಈ ಬಗೆಯ ಕೆಲಸ ಚೆನ್ನಾಗಿ ಗೊತ್ತು. ಆ ಕಪ್ಪು ಹೆಣ್ಣುಮಗಳು ಸೂಟ್ ತೊಟ್ಟು ಸಂದರ್ಶನಕ್ಕೆ ಹೋಗಿದ್ದರು. ತಲೆಯಲ್ಲಿ ಗಿಡ್ಡ ಲಾಕ್ಸ್. ಆಯ್ಕೆಯೂ ಆಯಿತು. ಆಮೇಲೆ ಎಚ್‌ಆರ್ ಅಧಿಕಾರಿ ಲಾಕ್ಸ್ ಇದ್ದರೆ ಕೆಲಸ ಕೊಡಲು ಆಗೋದಿಲ್ಲ ಅಂದರು. ಯಾಕೆ ಅಂತ ಕೇಳಿದ್ದಕ್ಕೆ, ಅವು ಕೆದರಿ ಗಲೀಜಾಗುತ್ತವೆ, ನಿಮ್ಮದು ಹಾಗಿದೆ ಅಂತ ಹೇಳ್ತಾ ಇಲ್ಲ, ಆದರೆ ನಾನು ಏನು ಹೇಳ್ತಿದ್ದೀನಿ ಅಂತ ನಿಮಗೆ ಗೊತ್ತಲ್ಲ ಅನ್ನುವ ಅರ್ಥದ ಉತ್ತರ ಬಂತು. ನ್ಯಾಯಾಲಯದ ದಾಖಲೆಯಲ್ಲಿ ಈ ಮಾತು ಇದೆ. ಆಕೆ ಕತ್ತರಿಸಲು ಒಪ್ಪಲಿಲ್ಲ. ಕೆಲಸ ಹೋಯಿತು.

‘ನಿಮಗೆ ಗೊತ್ತಲ್ಲ’ ಅನ್ನುವುದರಲ್ಲೇ ಎಲ್ಲ ಇದೆ. ಎದುರಿಗಿರುವ ತಲೆ ಅಚ್ಚುಕಟ್ಟಾಗಿದೆ ಅಂತ ಆ ಅಧಿಕಾರಿಗೂ ಕಾಣುತ್ತಿತ್ತು. ಆದರೂ ಆ ಬಗೆಯ ಕೂದಲು ಕೊಳಕು ಅನ್ನುವುದು ಇಬ್ಬರಿಗೂ ಮೊದಲೇ ತಿಳಿದಿರುವ ಸಂಗತಿ ಅನ್ನುವ ಹಾಗೆ ಮಾತು ಮುಗಿಯಿತು.

ನ್ಯಾಯಾಲಯ ಹಿಡಿದ ದಾರಿ ಬೇರೆ. ಚರ್ಮದ ಬಣ್ಣ ಬದಲಿಸಲು ಆಗೋದಿಲ್ಲ, ಆದ್ದರಿಂದ ಅದಕ್ಕೆ ಕಾನೂನಿನ ರಕ್ಷಣೆ ಇದೆ. ಲಾಕ್ಸ್ ಬಿಡುವುದು, ತೆಗೆಸುವುದು ನಮ್ಮ ಕೈಯಲ್ಲಿದೆ, ಆದ್ದರಿಂದ ರಕ್ಷಣೆ ಇಲ್ಲ. ಈ ವಾದ ಹೊಸದೇನಲ್ಲ. 1976ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಆಫ್ರೊ (ಬಿಗಿ ಸುರುಳಿಯ ಕೂದಲನ್ನು ತಲೆಯ ಸುತ್ತ ದುಂಡಗೆ ಬೆಳೆಸುವ ಬಗೆ) ಬಿಟ್ಟಿದ್ದ ಮಹಿಳೆಯ ದೂರನ್ನು ಜನಾಂಗ ತಾರತಮ್ಯದ ದೂರು ಅಂತ ಒಪ್ಪಿಕೊಂಡಿತ್ತು. ಆಫ್ರೊ ತಾನಾಗಿ ಬೆಳೆಯುವ ಕೂದಲು ತಾನೇ? ಆದರೆ 1981ರಲ್ಲಿ ವಿಮಾನ ಕಂಪನಿಯ ಉದ್ಯೋಗಿಯೊಬ್ಬರು ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆಯುವ ಕಾರ್ನ್‌ರೋ ಜಡೆಗಾಗಿ ನ್ಯೂಯಾರ್ಕ್‌ನಲ್ಲಿ ಮೊಕದ್ದಮೆ ಹೂಡಿ ಸೋತರು. ಹೆಣಿಗೆ ಕೃತಕ, ಹುಟ್ಟಿನಿಂದ ಬಂದದ್ದಲ್ಲ ಅಂತ ಕಾರಣ. ಬಿಳಿಯ ನಟಿಯೊಬ್ಬರು ಸಿನಿಮಾದಲ್ಲಿ ಅದೇ ಜಡೆ ಹಾಕಿ ಜನಪ್ರಿಯ ಮಾಡಿದ್ದನ್ನೂ ತೀರ್ಪಿನಲ್ಲಿ ಎತ್ತಿ ಹೇಳಲಾಗಿತ್ತು. ಕೆಲಸದ ಹೊತ್ತಿನಲ್ಲಿ ಜಡೆಯನ್ನು ಗಂಟು ಕಟ್ಟಿ ಮೇಲೆ ಕೃತಕ ಕೂದಲು ಸುತ್ತಿಕೊಳ್ಳಬಹುದಲ್ಲ ಅಂತ ಕಂಪನಿ ಸಲಹೆ ಕೊಟ್ಟಿತ್ತು.

ನನಗೆ ತುಂಬಾ ದಿನದಿಂದ ಕಾಡುತ್ತಿರುವ ವಿಷಯ ಇಲ್ಲಿದೆ. ಸೊಲಾಂಜ್‌ಗಿಂತ ಹತ್ತು ವರ್ಷ ಮೊದಲು, 2006ರಲ್ಲಿ, ಗಾಯಕಿ ಇಂಡಿಯಾ ಆರಿ ಒಂದು ಹಾಡು ಹಾಡಿದ್ದರು. (ಹೆಸರಲ್ಲಿ ಇಂಡಿಯಾ ಇದ್ದರೂ ಅವರು ಅಮೆರಿಕದ ಡೆನ್ವರ್‌ನಲ್ಲಿ ಹುಟ್ಟಿದವರು.) ಹಾಡಿನ ಹೆಸರು ‘ಐ ಆಮ್ ನಾಟ್ ಮೈ ಹೇರ್’, ಅಂದರೆ ನನ್ನ ಕೂದಲು ನಾನಲ್ಲ. ಒಬ್ಬರು ಕೂದಲೇ ನನ್ನ ಆತ್ಮ ಅನ್ನುತ್ತಾರೆ, ಇನ್ನೊಬ್ಬರು ಕೂದಲಲ್ಲಿ ನಾನಿಲ್ಲ ಅನ್ನುತ್ತಾರೆ. ಎರಡೂ ಒಂದೇ ಸಮುದಾಯದ ಹೆಣ್ಣುಮಕ್ಕಳ ಬಾಯಲ್ಲಿ ನಿಂತ ಹಾಡುಗಳು. ಈಗ ‘ನನ್ನ ಕೂದಲು ನಾನಲ್ಲ’ ಅನ್ನುವ ಸಾಲನ್ನು ಆ ಅಲಬಾಮಾದ ಕಂಪನಿಯ ವಕೀಲರ ಕೈಗೆ ಕೊಟ್ಟು ನೋಡಿ. ಅವರ ವಾದವೂ ಅದೇ ಅಲ್ವಾ? ಕೂದಲು ನೀವಲ್ಲ, ಹಾಗಾಗಿ ಕತ್ತರಿಸಿದರೆ ನಿಮಗೇನೂ ನಷ್ಟ ಇಲ್ಲ! ಬಿಡುಗಡೆಗಾಗಿ ಹಾಡಿದ ಮಾತೇ ಅಧಿಕಾರ ಇರುವವರ ಬಾಯಿಗೆ ಹೋದಾಗ ಕತ್ತರಿಯಾಗುತ್ತದೆ.

ಹಾಗಂತ ಆ ಹಾಡು ತಪ್ಪಾ? ಖಂಡಿತ ಅಲ್ಲ. ಅದನ್ನು ಗಮನವಿಟ್ಟು ಕೇಳಬೇಕು. ಮೊದಲ ಚರಣ ಒಂದು ತಲೆಯ ಇಡೀ ಚರಿತ್ರೆ. ಚಿಕ್ಕವಳಿದ್ದಾಗ ಬಿಸಿ ಬಾಚಣಿಗೆಯಿಂದ ಕೂದಲು ನೇರ ಮಾಡಿ ಸುರುಳಿ ಸುತ್ತಿದ್ದು. ಎಂಟನೇ ವಯಸ್ಸಿಗೆ ಜೆರಿ ಕರ್ಲ್, ಅಂದರೆ ರಾಸಾಯನಿಕದಿಂದ ಮಾಡುವ ಸಡಿಲ ಸುರುಳಿ. ಹದಿಮೂರಕ್ಕೆ ರಿಲ್ಯಾಕ್ಸರ್ (ಕೂದಲು ನೇರ ಮಾಡುವ ರಾಸಾಯನಿಕ), ಎಲ್ಲರ ನಗು. ಹದಿನೈದಕ್ಕೆ ಕೂದಲೆಲ್ಲ ತುಂಡುತುಂಡಾಗಿ ಉದುರಿದ್ದು. ಹದಿನೆಂಟಕ್ಕೆ ರಾಸಾಯನಿಕ ಬಿಟ್ಟದ್ದು. 2002ರ ಫೆಬ್ರವರಿಯಲ್ಲಿ ತೊಂಬತ್ತೇಳು ಲಾಕ್ಸ್ ಒಂದೇ ಸಲ ಕತ್ತರಿಸಿ ಹಾಕಿದ್ದು. ಎಲ್ಲವನ್ನೂ ವಯಸ್ಸು, ಲೆಕ್ಕ ಹಿಡಿದು ಹೇಳುತ್ತಾರೆ. ಮುಂದೆ ಸ್ತನ ಕ್ಯಾನ್ಸರ್‌ಗೆ ಕಿಮೊಥೆರಪಿ ತೆಗೆದುಕೊಂಡು ಕೂದಲು ಕಳೆದುಕೊಂಡ ಹೆಣ್ಣಿನ ಮಾತು ಬರುತ್ತದೆ. 2005ರ ಗ್ರ್ಯಾಮಿ ಸಮಾರಂಭದಲ್ಲಿ ಬಿಳಿಯ ಗಾಯಕಿ ಮೆಲಿಸ್ಸಾ ಎಥರಿಜ್ ಕಿಮೊ ಮುಗಿಸಿ ಬೋಳುತಲೆಯಲ್ಲೇ ವೇದಿಕೆಗೆ ಬಂದು ಹಾಡಿದ್ದು ಈ ಹಾಡಿಗೆ ಪ್ರೇರಣೆ ಅಂತ ಇಂಡಿಯಾ ಆರಿ ಹೇಳಿದ್ದಾರೆ. ಅಂದರೆ ಅವರು ಕೂದಲು ಮುಖ್ಯ ಅಲ್ಲ ಅನ್ನುತ್ತಿಲ್ಲ. ಕೂದಲು ನೋಡಿ ನನ್ನ ಬೆಲೆ ಕಟ್ಟಬೇಡಿ, ಲಾಕ್ಸ್ ಬಿಟ್ಟರೂ, ಬೋಳಿಸಿದರೂ ತೀರ್ಮಾನ ನನ್ನದು ಅನ್ನುತ್ತಿದ್ದಾರೆ. ಸೊಲಾಂಜ್ ಹಾಡಿನ ತಿರುಳೂ ಅದೇ. ತೀರ್ಮಾನ ಯಾರದು ಅನ್ನುವುದೇ ಪ್ರಶ್ನೆ. ನ್ಯಾಯಾಲಯ ಆ ಪ್ರಶ್ನೆಯನ್ನು ಬಿಟ್ಟು, ಬದಲಿಸಲು ಆಗುತ್ತದೋ ಇಲ್ಲವೋ ಅಂತ ಮಾತ್ರ ಕೇಳಿತು.

ಬದಲಿಸಲು ಏನು ಬೇಕು ಅಂತ ತಿಳಿದರೆ ‘ಕೈಯಲ್ಲಿದೆ’ ಅನ್ನುವ ಮಾತಿನ ಭಾರ ಗೊತ್ತಾಗುತ್ತದೆ. ಆಫ್ರಿಕಾ ಮೂಲದ ಬಹಳ ಜನರ ಕೂದಲು ಬುಡದಿಂದಲೇ ಬಾಗಿ, ಬಿಗಿ ಸುರುಳಿಯಾಗಿ ಬೆಳೆಯುತ್ತದೆ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಜನರಲ್ಲಿ ಎಷ್ಟೋ ಮಂದಿಯ ಕೂದಲು ಇದೇ ಬಗೆಯದು. ನೆತ್ತಿಯಲ್ಲಿ ಹುಟ್ಟುವ ಎಣ್ಣೆಯಂಶ ನೇರ ಕೂದಲಿನಲ್ಲಿ ತುದಿಯವರೆಗೆ ಸುಲಭವಾಗಿ ಇಳಿಯುತ್ತದೆ. ಸುರುಳಿಯಲ್ಲಿ ಇಳಿಯುವುದಿಲ್ಲ. ಕೂದಲು ಬೇಗ ಒಣಗುತ್ತದೆ, ತಿರುವು ಇರುವ ಕಡೆಗಳಲ್ಲಿ ಮುರಿಯುತ್ತದೆ. ದಿನಾ ಬಾಚಿದರೆ ಇನ್ನೂ ಜಾಸ್ತಿ ಮುರಿಯುತ್ತದೆ. ಅದಕ್ಕೇ ಹೆಣೆದು ಬಿಡುವುದು, ಹುರಿ ಮಾಡುವುದು, ಬಟ್ಟೆ ಸುತ್ತುವುದು. ಅವು ಬರೀ ಅಲಂಕಾರ ಅಲ್ಲ, ಕೂದಲು ಉಳಿಸಿಕೊಳ್ಳುವ ಉಪಾಯ. ಒಮ್ಮೆ ಹೆಣೆದರೆ ವಾರಗಟ್ಟಲೆ ಬಾಚಣಿಗೆ ತಾಗಿಸಬೇಕಿಲ್ಲ.

ಇದನ್ನು ನೇರ ಮಾಡುವ ಹಳೆಯ ದಾರಿ ಒಲೆಯ ಮೇಲೆ ಕಾಯಿಸಿದ ಕಬ್ಬಿಣದ ಬಾಚಣಿಗೆ. ಆಮೇಲೆ ಬಂದದ್ದು ರಿಲ್ಯಾಕ್ಸರ್. ಅದರ ಹಳೆಯ ಬಗೆಯಲ್ಲಿ ಕೆಲಸ ಮಾಡುವುದು ಸೋಡಿಯಂ ಹೈಡ್ರಾಕ್ಸೈಡ್, ನಾವು ಕಾಸ್ಟಿಕ್ ಸೋಡಾ ಅನ್ನುವ ವಸ್ತುವೇ. ಸೋಪು ಮಾಡುವಾಗ ಕೈಗೆ ತಾಗದಂತೆ ಎಚ್ಚರ ವಹಿಸುತ್ತೇವಲ್ಲ, ಅದು. ಕೂದಲಿಗೆ ಆಕಾರ ಕೊಡುವ ಗಂಧಕದ ಬಂಧಗಳನ್ನು ಅದು ಒಡೆಯುತ್ತದೆ. ಸ್ವಲ್ಪ ಹೊತ್ತು ಜಾಸ್ತಿ ಬಿಟ್ಟರೆ ನೆತ್ತಿ ಸುಡುತ್ತದೆ. ಬುಡದಲ್ಲಿ ಹೊಸ ಸುರುಳಿ ಕಂಡ ತಕ್ಷಣ, ಕೆಲವೇ ವಾರಕ್ಕೆ, ಮತ್ತೆ ಹಚ್ಚಬೇಕು. 2022ರ ಅಕ್ಟೋಬರ್‌ನಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯ ‘ಸಿಸ್ಟರ್ ಸ್ಟಡಿ’ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಹೊರಬಂತು. ಸುಮಾರು 33,500 ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಅದು. ಕೂದಲು ನೇರ ಮಾಡುವ ರಾಸಾಯನಿಕ ಬಳಸದವರಲ್ಲಿ 70ನೇ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ 1.64. ವರ್ಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಳಸಿದವರಲ್ಲಿ ಶೇ 4.05. ರಾಸಾಯನಿಕದಿಂದಲೇ ಕ್ಯಾನ್ಸರ್ ಬಂತು ಅಂತ ಇದು ಸಾಬೀತು ಮಾಡುವುದಿಲ್ಲ. ಒಟ್ಟಾರೆ ಅಪಾಯ ಈಗಲೂ ಚಿಕ್ಕದೇ. ಆದರೆ ಬಳಸುತ್ತಿದ್ದೇವೆ ಅಂದವರಲ್ಲಿ ಸುಮಾರು ಶೇ 60ರಷ್ಟು ಕಪ್ಪು ಮಹಿಳೆಯರು. ‘ನೀಟಾಗಿ ಬನ್ನಿ’ ಅನ್ನುವ ಮಾತಿನ ಖರ್ಚು ಯಾರ ಮೈಮೇಲೆ ಬಿತ್ತು ಅಂತ ಇದರಿಂದ ಕಾಣುತ್ತದೆ.

ಸೋಲ್ ಸಂಗೀತ ಈ ಕತೆಯೊಳಗೆ ಹೇಗೆ ಬಂತು? ಚರ್ಚಿನ ಗಾಸ್ಪೆಲ್ ಹಾಡುಗಾರಿಕೆ ಮತ್ತು ಬ್ಲೂಸ್ ಬೆರೆತು ಹುಟ್ಟಿದ ಈ ಸಂಗೀತ 1960ರ ದಶಕದಲ್ಲಿ ಅಮೆರಿಕದ ಮನೆಮನೆಯ ಟಿವಿಗೆ ಬಂತು. ಬಂದದ್ದು ಬಹುಮಟ್ಟಿಗೆ ವಿಗ್ ತೊಟ್ಟುಕೊಂಡೇ. ಡೆಟ್ರಾಯಿಟ್‌ನ ಮೊಟೌನ್ ಸಂಸ್ಥೆ ತನ್ನ ಗಾಯಕಿಯರಿಗೆ ನಿಲ್ಲುವುದು, ನಡೆಯುವುದು, ಮಾತಾಡುವುದನ್ನು ಕಲಿಸಲು ಮ್ಯಾಕ್ಸೀನ್ ಪವೆಲ್ ಅವರನ್ನು ನೇಮಿಸಿತ್ತು. ಸುಪ್ರೀಮ್ಸ್ ತಂಡದ ಮೂವರು ಹೆಣ್ಣುಮಕ್ಕಳು ಹೊಳೆಯುವ ಗೌನು, ಎತ್ತರದ ನೇರ ಕೂದಲಿನ ವಿಗ್ ಹಾಕಿ ಎಡ್ ಸಲಿವನ್ ಶೋ ಅನ್ನುವ ಜನಪ್ರಿಯ ಟಿವಿ ಕಾರ್ಯಕ್ರಮದಲ್ಲಿ ನಿಂತರು. ಇದನ್ನು ಈಗ ಕೂತು ಹೀಗಳೆಯುವುದು ಸುಲಭ. ನಾನು ಹೀಗಳೆಯುವುದಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಒಂದೇ ಬಾಗಿಲಿನಿಂದ ಹೋಟೆಲಿಗೆ ನುಗ್ಗಲಾಗದ ಕಾಲದಲ್ಲಿ ಬಿಳಿಯರ ಬೈಠಕ್‌ಖಾನೆಗೆ ಟಿವಿ ಮೂಲಕ ಹೋಗಲು ಅವರು ಕೊಟ್ಟ ತೆರಿಗೆ ಅದು.

ತೆರಿಗೆ ಕೊಡದವರೂ ಇದ್ದರು. ಜಾನಪದ ಗಾಯಕಿ ಒಡೆಟ್ಟಾ 1950ರ ದಶಕದಲ್ಲೇ ಕೂದಲನ್ನು ಹುಟ್ಟಿದ ಹಾಗೆ ಬಿಟ್ಟರು. ದಕ್ಷಿಣ ಆಫ್ರಿಕಾದಿಂದ ಬಂದ ಮಿರಿಯಂ ಮಕೇಬಾ ಗಿಡ್ಡ ಸಹಜ ಕೂದಲಿನಲ್ಲೇ ಅಮೆರಿಕದ ವೇದಿಕೆ ಏರಿದರು. 1962ರ ಜನವರಿ 28ರಂದು ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ‘ನ್ಯಾಚುರಲಿ ’62’ ಅನ್ನುವ ಪ್ರದರ್ಶನ ನಡೆಯಿತು. ಛಾಯಾಗ್ರಾಹಕ ಕ್ವಾಮೆ ಬ್ರಾತ್‌ವೈಟ್ ಮತ್ತು ಅವರ ಅಣ್ಣ ಎಲೊಂಬೆ ಬ್ರಾತ್ ಸೇರಿ ಕಟ್ಟಿದ್ದ ಜಾಸ್ ಕಲಾವಿದರ ಗುಂಪು ಅದನ್ನು ಮಾಡಿತ್ತು. ಗ್ರಾಂಡಾಸಾ ಮಾಡೆಲ್‌ಗಳು ಅಂತ ಕರೆಸಿಕೊಂಡ ಕಪ್ಪು ಹೆಣ್ಣುಮಕ್ಕಳು ರಿಲ್ಯಾಕ್ಸರ್ ಇಲ್ಲದ ಕೂದಲಿನಲ್ಲಿ ಬಂದು ನಿಂತರು. ಜಾಸ್ ಗಾಯಕಿ ಆ್ಯಬಿ ಲಿಂಕನ್ ಕೂಡ ಜೊತೆಗಿದ್ದರು. ‘ಬ್ಲ್ಯಾಕ್ ಈಸ್ ಬ್ಯೂಟಿಫುಲ್’ ಅನ್ನುವ ಘೋಷಣೆ ಊರೂರಿಗೆ ಹರಡಲು ಈ ಪ್ರದರ್ಶನಗಳು ದೊಡ್ಡ ಕಾರಣ. ಅಂದರೆ ಸಹಜ ಕೂದಲಿನ ಚಳವಳಿ ಶುರುವಾದದ್ದೇ ಸಂಗೀತಗಾರರ ನಡುವೆ.

1966ರಲ್ಲಿ ಗಾಯಕಿ ನೀನಾ ಸಿಮೋನ್ ‘ಫೋರ್ ವಿಮೆನ್’ ಹಾಡಿದರು. ನಾಲ್ವರು ಹೆಂಗಸರು ಒಬ್ಬೊಬ್ಬರಾಗಿ ತಮ್ಮನ್ನು ಪರಿಚಯಿಸಿಕೊಳ್ಳುತ್ತಾರೆ. ನನ್ನ ಚರ್ಮ ಈ ಬಣ್ಣ, ನನ್ನ ಕೂದಲು ಹೀಗೆ ಅಂತ ಶುರುಮಾಡಿ ಕೊನೆಗೆ ಹೆಸರು. ಚರ್ಮ, ಕೂದಲು ಹೇಳಿದ ಮೇಲೆ ಅವಳ ಬದುಕು ಏನಾಗಿರಬಹುದು ಅಂತ ಕೇಳುಗರೇ ಊಹಿಸಿಬಿಡುತ್ತಾರೆ. ಹಾಡು ಎಷ್ಟು ನಿಷ್ಠುರ ಅಂದರೆ ಕೆಲವು ರೇಡಿಯೊ ಕೇಂದ್ರಗಳು ಅದನ್ನು ಹಾಕುವುದನ್ನೇ ನಿಲ್ಲಿಸಿದವು. ‘ನಿನ್ನನ್ನು ನೀನು ಪ್ರೀತಿಸು’ ಅಂತ ಈ ಹಾಡು ಎಲ್ಲೂ ಹೇಳುವುದಿಲ್ಲ. ಪ್ರೀತಿಸಲು ಕಷ್ಟ ಯಾಕೆ ಅಂತ ತೋರಿಸುತ್ತದೆ. ಈ ಸಾಲಿನ ಹಾಡುಗಳಲ್ಲಿ ನನಗೆ ಅತಿ ದೊಡ್ಡದು ಅನಿಸುವುದು ಇದೇ.

1970ರ ಹೊತ್ತಿಗೆ ಆಫ್ರೊ ಎಲ್ಲೆಡೆ ಕಂಡಿತು. ಸಂಶೋಧಕಿ, ಹೋರಾಟಗಾರ್ತಿ ಏಂಜೆಲಾ ಡೇವಿಸ್ ಬಂಧನವಾದಾಗ ಜಾಮೀನಿನ ಹಣ ನಾನು ಕೊಡುತ್ತೇನೆ ಅಂದವರು ಸೋಲ್ ಗಾಯಕಿ ಅರೀಥಾ ಫ್ರಾಂಕ್ಲಿನ್. ಪೊಲೀಸರ ‘ಬೇಕಾಗಿದ್ದಾರೆ’ ಪೋಸ್ಟರ್‌ನಲ್ಲಿದ್ದ ಡೇವಿಸ್ ಅವರ ಆಫ್ರೊ ಮುಂದೆ ಫ್ಯಾಷನ್ ಆಗಿಹೋಯಿತು. ಅದೇ ಕಾಲದಲ್ಲಿ ‘ಸೋಲ್ ಟ್ರೇನ್’ ಅನ್ನುವ ಟಿವಿ ಕಾರ್ಯಕ್ರಮ ವಾರವಾರ ಸೋಲ್ ಸಂಗೀತವನ್ನು ದೇಶಕ್ಕೆಲ್ಲ ಮುಟ್ಟಿಸುತ್ತಿತ್ತು. ಅದರ ಪ್ರಾಯೋಜಕರು ಶಿಕಾಗೊದ ಜಾನ್ಸನ್ ಪ್ರಾಡಕ್ಟ್ಸ್, ಕಪ್ಪು ಉದ್ಯಮಿಯೇ ಕಟ್ಟಿದ ಕಂಪನಿ. ಆಫ್ರೊಗೆ ಹಚ್ಚುವ ‘ಆಫ್ರೊ ಶೀನ್’ ಮಾರುತ್ತಿದ್ದದ್ದೂ ಅದೇ ಕಂಪನಿ, ನೇರ ಕೂದಲಿಗೆ ರಿಲ್ಯಾಕ್ಸರ್ ಮಾರುತ್ತಿದ್ದದ್ದೂ ಅದೇ ಕಂಪನಿ. ಎಂಬತ್ತರ ದಶಕಕ್ಕೆ ಆಫ್ರೊ ಹಳೆಯದಾಯಿತು, ರಿಲ್ಯಾಕ್ಸರ್ ಮತ್ತೆ ಮನೆಮನೆಗೆ ಬಂತು. ಹೆಮ್ಮೆ ಫ್ಯಾಷನ್ ಆಗಿ ಬಂದರೆ ಫ್ಯಾಷನ್ ಆಗಿಯೇ ಹೋಗುತ್ತದೆ.

1997ರಲ್ಲಿ ಗಾಯಕಿ ಎರಿಕಾ ಬಾಡು ತಲೆಗೆ ಎತ್ತರದ ಬಟ್ಟೆ ಸುತ್ತಿಕೊಂಡು ಬಂದರು. ಆ ಬಟ್ಟೆಗೂ ಒಂದು ಚರಿತ್ರೆ ಇದೆ. 1786ರಲ್ಲಿ ಸ್ಪೇನಿನ ಆಳ್ವಿಕೆಯಲ್ಲಿದ್ದ ಲೂಸಿಯಾನದ ಗವರ್ನರ್, ಗುಲಾಮರಲ್ಲದ ಕಪ್ಪು ಹೆಂಗಸರೂ ಕೂದಲು ಅಲಂಕರಿಸಿಕೊಳ್ಳದೆ ಬಟ್ಟೆ ಕಟ್ಟಿಕೊಳ್ಳಬೇಕು ಅಂತ ಆಜ್ಞೆ ಹೊರಡಿಸಿದ್ದ. ಹೆಂಗಸರು ಬಣ್ಣಬಣ್ಣದ ಬಟ್ಟೆಯನ್ನು ಚಂದವಾಗಿ ಸುತ್ತಿ ಅದನ್ನೇ ಸೊಗಸು ಮಾಡಿಕೊಂಡರು. ಬಾಡು ಜೊತೆಗೆ ಲಾರಿನ್ ಹಿಲ್, ಜಿಲ್ ಸ್ಕಾಟ್ ಬಂದರು. ಲಾರಿನ್ ಹಿಲ್ 1999ರಲ್ಲಿ ಒಂದೇ ರಾತ್ರಿ ಐದು ಗ್ರ್ಯಾಮಿ ಗೆದ್ದಾಗ ತಲೆಯಲ್ಲಿ ಲಾಕ್ಸ್ ಇದ್ದವು. ನಿಯೊ-ಸೋಲ್ ಅಂತ ಹೆಸರಾದ ಈ ಅಲೆಯಲ್ಲೇ ಇಂಡಿಯಾ ಆರಿ ಕೂಡ ಬಂದದ್ದು. ಚೊಚ್ಚಲ ಆಲ್ಬಮ್‌ಗೆ ಏಳು ಗ್ರ್ಯಾಮಿ ನಾಮನಿರ್ದೇಶನ ಸಿಕ್ಕಿ, 2002ರಲ್ಲಿ ಒಂದೂ ಪ್ರಶಸ್ತಿ ಸಿಗಲಿಲ್ಲ.

ಒಬ್ಬ ಗಾಯಕಿ ಹೀಗೆ ಸಂಕೇತ ಆಗಿಬಿಟ್ಟರೆ ಅದೂ ಒಂದು ಭಾರ. 2013ರಲ್ಲಿ ಇಂಡಿಯಾ ಆರಿ ಅವರ ಒಂದು ಹಾಡಿನ ಮುಖಪುಟ ಚಿತ್ರದಲ್ಲಿ ಚರ್ಮ ತಿಳಿಯಾಗಿ ಕಂಡಾಗ, ಚರ್ಮ ಬೆಳ್ಳಗೆ ಮಾಡಿಸಿಕೊಂಡರು ಅಂತ ಜನ ಮುಗಿಬಿದ್ದರು. ಅದು ಬೆಳಕಿನ ಪರಿಣಾಮ ಅಂತ ಅವರೇ ವಿವರಿಸಬೇಕಾಯಿತು. ಸಹಜ ಕೂದಲಿನ ಸಮುದಾಯದ ಒಳಗೂ ಒಂದು ಮೆಟ್ಟಿಲು ಹುಟ್ಟಿಕೊಂಡಿದೆ. ಸುರುಳಿಯನ್ನು 1ರಿಂದ 4, ಎ, ಬಿ, ಸಿ ಅಂತ ವಿಂಗಡಿಸುವ ಪದ್ಧತಿ ಇದೆ. ಸಡಿಲ ಸುರುಳಿಯವರಿಗೆ ಜಾಹೀರಾತು, ಮೆಚ್ಚುಗೆ ಜಾಸ್ತಿ. 4ಸಿ ಅನ್ನುವ ಅತಿ ಬಿಗಿ ಸುರುಳಿಯವರಿಗೆ ಕಡಿಮೆ. ವಿಗ್ ಇಷ್ಟಪಡುವವರನ್ನು ‘ತನ್ನನ್ನು ತಾನು ದ್ವೇಷಿಸುವವಳು’ ಅಂತ ಹೀಗಳೆಯುವುದೂ ಉಂಟು. ಇದು ನನಗೆ ಸರಿ ಕಾಣುವುದಿಲ್ಲ. ಆಯ್ಕೆ ಅವಳದು ಅಂದ ಮೇಲೆ ವಿಗ್ ಕೂಡ ಆಯ್ಕೆಯೇ.

ವಿಗ್ ಅಂದಾಗ ಕರ್ನಾಟಕದ ಮಾತು ಬರಲೇಬೇಕು. ಕೊಪ್ಪಳದ ಪಕ್ಕದ ಭಾಗ್ಯನಗರ ಮನುಷ್ಯರ ಕೂದಲಿನ ವ್ಯಾಪಾರಕ್ಕೆ ಹೆಸರಾದ ಊರು. ಹಳ್ಳಿಗಳಲ್ಲಿ ಹೆಂಗಸರು ಬಾಚಿದಾಗ ಉದುರಿದ ಕೂದಲನ್ನು ಉಂಡೆ ಕಟ್ಟಿ ಗೋಡೆಯ ಸಂದಿನಲ್ಲಿ ಇಟ್ಟಿರುತ್ತಾರಲ್ಲ, ಪಾತ್ರೆಯವನೋ ಪಿನ್ನು ಮಾರುವವನೋ ಬಂದಾಗ ಕೊಡಲು? ಅಂಥ ಕೂದಲು ಇಲ್ಲಿಗೆ ಬರುತ್ತದೆ. ಹೆಂಗಸರೇ ಕೂತು ಸಿಕ್ಕು ಬಿಡಿಸಿ, ತೊಳೆದು, ಉದ್ದದ ಪ್ರಕಾರ ಬೇರೆ ಮಾಡಿ ಕಟ್ಟು ಕಟ್ಟುತ್ತಾರೆ. ಇದರಲ್ಲಿ ಬಹುಪಾಲು ವಿಗ್ ಮಾಡಲು ಚೀನಾದಂಥ ದೇಶಗಳಿಗೆ ಹೋಗುತ್ತದೆ. ತಿರುಮಲದಲ್ಲಿ ಭಕ್ತರು ಕೊಟ್ಟ ಮುಡಿಯ ದಾರಿ ಬೇರೆ. ಅದನ್ನು ದೇವಸ್ಥಾನ ಆನ್‌ಲೈನ್ ಹರಾಜು ಹಾಕುತ್ತದೆ. ಅಮೆರಿಕದ ಕಪ್ಪು ಮಹಿಳೆಯರು ವಿಗ್, ಜೋಡಣೆ ಕೂದಲಿನ ದೊಡ್ಡ ಗ್ರಾಹಕರು. ಒಬ್ಬಳ ತಲೆಯಿಂದ ಉದುರಿ ಬಿಸಾಡುವಂತಾದದ್ದು ಇನ್ನೊಬ್ಬಳಿಗೆ ಸಂದರ್ಶನಕ್ಕೆ ಹೋಗುವ ಅರ್ಹತೆಯಾಗಿ ಮಾರಾಟ ಆಗುತ್ತದೆ. ಈ ಸಾಲಿನಲ್ಲಿ ಅತಿ ಕಡಿಮೆ ಸಿಗುವುದು ಸಿಕ್ಕು ಬಿಡಿಸುವವಳಿಗೆ.

ಈಗ ಕಾನೂನಿಗೆ ಬರೋಣ. ಅಲಬಾಮಾದ ಮೊಕದ್ದಮೆಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಮರುವರ್ಷ ಜುಲೈ 3ರಂದು ಕ್ಯಾಲಿಫೋರ್ನಿಯಾ ‘ಕ್ರೌನ್ ಆ್ಯಕ್ಟ್’ ತಂದಿತು. ಕರಡು ಮಂಡಿಸಿದ್ದು ಸೆನೆಟರ್ ಹಾಲಿ ಮಿಚೆಲ್. ಅದರ ಜಾಣತನ ಒಂದು ವ್ಯಾಖ್ಯೆಯಲ್ಲಿದೆ. ಕೂದಲನ್ನು ಬದಲಿಸಬಹುದೋ ಇಲ್ಲವೋ ಅನ್ನುವ ಚರ್ಚೆಗೇ ಅದು ಹೋಗುವುದಿಲ್ಲ. ಒಂದು ಜನಾಂಗದ ಜೊತೆ ಗುರುತಾದ ಕೂದಲಿನ ಬಗೆ, ಜಡೆ, ಲಾಕ್ಸ್, ಟ್ವಿಸ್ಟ್ (ಎರಡೆಳೆಯ ಹುರಿ) ಎಲ್ಲ ಜನಾಂಗದ ಭಾಗವೇ ಅಂದುಬಿಡುತ್ತದೆ. ಈಗ 25ಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಕಾನೂನು ಇದೆ. 1786ರ ಆಜ್ಞೆ ಹುಟ್ಟಿದ ಲೂಸಿಯಾನ ಕೂಡ 2022ರಲ್ಲಿ ತಂದಿತು. ಇದಕ್ಕಾಗಿ ದುಡಿದ ಒಕ್ಕೂಟದಲ್ಲಿ ಡವ್ ಬ್ರ್ಯಾಂಡ್ ಇದೆ. ಡವ್ ಯೂನಿಲಿವರ್‌ನದು. 2020ರವರೆಗೆ ನಮ್ಮಲ್ಲಿ ‘ಫೇರ್ ಅಂಡ್ ಲವ್ಲಿ’ ಅನ್ನುವ ಹೆಸರಿನಲ್ಲೇ ಕ್ರೀಮ್ ಮಾರಿದ್ದೂ ಅದೇ ಬಳಗ. ಕಾನೂನು ಒಳ್ಳೆಯದು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಒಪ್ಪಿಕೊಳ್ಳುವಿಕೆಯ ಮಾತನ್ನು ಕಂಪನಿ ಎಲ್ಲಿ ಆಡುತ್ತದೆ, ಎಲ್ಲಿ ಆಡುವುದಿಲ್ಲ ಅಂತ ಗ್ರಾಹಕರು ಗಮನಿಸಬೇಕು.

ಇದರಲ್ಲೂ ಒಂದು ಕಿಂಡಿ ಉಳಿದಿದೆ. ಟೆಕ್ಸಸ್‌ನಲ್ಲಿ ಕ್ರೌನ್ ಆ್ಯಕ್ಟ್ ಜಾರಿಗೆ ಬಂದದ್ದು 2023ರ ಸೆಪ್ಟೆಂಬರ್ 1ರಂದು. ಅದೇ ವಾರ ಹ್ಯೂಸ್ಟನ್ ಹತ್ತಿರದ ಪ್ರೌಢಶಾಲೆಯೊಂದು ಕಪ್ಪು ಹುಡುಗನೊಬ್ಬನನ್ನು ಅವನ ಲಾಕ್ಸ್‌ಗಾಗಿ ತರಗತಿಯಿಂದ ಹೊರಗಿಟ್ಟಿತು. ಲಾಕ್ಸ್ ಇರಲಿ, ಬಿಚ್ಚಿದರೆ ಉದ್ದ ಜಾಸ್ತಿ ಆಗುತ್ತದೆ ಅನ್ನುವುದು ಶಾಲೆಯ ವಾದ. 2024ರ ಫೆಬ್ರವರಿಯಲ್ಲಿ ನ್ಯಾಯಾಧೀಶರು ಶಾಲೆಯ ಪರ ನಿಂತರು, ಕಾನೂನಿನಲ್ಲಿ ಉದ್ದದ ಮಾತೇ ಇಲ್ಲ ಅಂತ. ಕತ್ತರಿಸಬಹುದಾದದ್ದನ್ನು ಕತ್ತರಿಸು ಅನ್ನುವ ಹಳೆಯ ವಾದ ಹೀಗೆ ಇನ್ನೊಂದು ಬಾಗಿಲಿನಿಂದ ಒಳಗೆ ಬಂತು. ತೀರಾ ಗಿಡ್ಡ ಕತ್ತರಿಸಿದರೆ ಲಾಕ್ಸ್ ನಿಲ್ಲುವುದು ಕಷ್ಟ ಅನ್ನುವುದು ಕೂದಲು ಹೆಣೆದ ಯಾರಿಗಾದರೂ ಗೊತ್ತು.

ದೇಶಕ್ಕೆಲ್ಲ ಒಂದೇ ಕಾನೂನು ಬೇಕು ಅಂತ 2022ರ ಮಾರ್ಚ್‌ನಲ್ಲಿ ಪ್ರತಿನಿಧಿ ಸಭೆ 235–189 ಮತಗಳಿಂದ ಮಸೂದೆ ಒಪ್ಪಿತು. ಸೆನೆಟ್‌ನಲ್ಲಿ ಅದು ದಾಟಲಿಲ್ಲ. ಹಾಗಾಗಿ ಅದೇ ಹೆಣ್ಣುಮಗಳು, ಅದೇ ಲಾಕ್ಸ್, ಅದೇ ಫೋನ್ ಕೆಲಸ, ಆದರೆ ರಾಜ್ಯದ ಗಡಿ ದಾಟಿದರೆ ಎಚ್‌ಆರ್ ಏನು ಹೇಳಬಹುದು ಅನ್ನೋದು ಬದಲಾಗುತ್ತದೆ. ಕಾನೂನು ಇರುವ ರಾಜ್ಯಗಳು ‘ಉದ್ದ’ ಅನ್ನುವ ಒಂದು ಪದವನ್ನು ಸೇರಿಸುತ್ತವೆಯೋ ಇಲ್ಲವೋ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ. ಅಷ್ಟು ಸೇರಿಸಿದರೆ ಟೆಕ್ಸಸ್‌ನಂಥ ತೀರ್ಪಿಗೆ ಜಾಗ ಇರುವುದಿಲ್ಲ.